ಹಾಸಿಗೆ ಪಕ್ಕ ಕೂತವರ ಕಷ್ಟವನ್ನು ಕ್ಲಿನಿಕ್ ಕೇಳಬೇಕೆ? ಪರ – ವಿರೋಧ

ಪ್ರಶ್ನೆ ಇಷ್ಟು. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ, ಅಥವಾ ಮರೆವಿನ ಕಾಯಿಲೆ ಬಂದಿದೆ. ಅವರನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರು ಹೆಂಡತಿ, ಮಗಳು, ಸೊಸೆ, ಎಲ್ಲೋ ಒಂದು ಕಡೆ ಮಗ. ಇವರಿಗೆ ನೆರವು ಕೊಡುವ ಕೆಲಸವನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಬಡಾವಣೆಯಲ್ಲಿರುವ 'ನಮ್ಮ ಕ್ಲಿನಿಕ್' ಹೆಸರಿನ ಸರ್ಕಾರಿ ಕ್ಲಿನಿಕ್ ಮತ್ತು ಕೈಯಲ್ಲಿರುವ ಮೊಬೈಲ್‌ಗೆ ವಹಿಸಬೇಕೆ?

ನಾನು ಇದಕ್ಕೆ ಹೌದು ಅಂತಲೂ ಜಗಳ ಆಡಿದ್ದೇನೆ, ಬೇಡ ಅಂತಲೂ ಆಡಿದ್ದೇನೆ. ಎದುರಿಗೆ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಅದು. ನಮ್ಮ ಅತ್ತೆ ಲಕ್ವಾ ಹೊಡೆದ ಮೇಲೆ ಎರಡೂವರೆ ವರ್ಷ ನಮ್ಮ ಮನೆಯ ನಡುಮನೆಯಲ್ಲೇ ಮಲಗಿದ್ದರು. ಆ ಎರಡೂವರೆ ವರ್ಷದಲ್ಲಿ ಒಂದು ದಿನ ಈ ಕಡೆ ಇದ್ದೆ, ಒಂದು ದಿನ ಆ ಕಡೆ. ಎರಡನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಪರ: ತಾಯಿ ಕಾರ್ಡ್ ಇದೆ, ಇದಕ್ಕೊಂದು ಕಾರ್ಡ್ ಯಾಕಿಲ್ಲ?

ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನಮ್ಮ ಕೈಗೆ ಎರಡು ಹಾಳೆ ಡಿಸ್ಚಾರ್ಜ್ ಸಮ್ಮರಿ ಕೊಟ್ಟರು, ಒಂದು ಚೀಲ ಮಾತ್ರೆ ಕೊಟ್ಟರು. ಅತ್ತೆಯ ಮೂಗಿನಲ್ಲಿ ಒಂದು ಪೈಪು, ಕೆಳಗೆ ಒಂದು ಪೈಪು. ಹಾಳೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಮೂರು ಸಾಲು: ಬೆನ್ನು ನೋಡಿಕೊಳ್ಳಿ, ಬಾಯಿ ಶುಚಿ ಮಾಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸರಿ. ಅರವತ್ತೆಂಟು ಕೇಜಿ ತೂಕದ, ಎಡಭಾಗ ಸ್ವಾಧೀನವೇ ಇಲ್ಲದ ಹೆಂಗಸನ್ನು ನಾನೊಬ್ಬಳೇ ಹೇಗೆ ಮಗ್ಗುಲು ಬದಲಿಸಲಿ? ಅದು ಹಾಳೆಯಲ್ಲಿ ಇರಲಿಲ್ಲ.

ಹದಿನೈದನೇ ದಿನ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ನಾಣ್ಯದಷ್ಟು ಅಗಲ ಕೆಂಪಾಗಿತ್ತು. ಸೆಕೆ ಬೊಕ್ಕೆ ಅಂದುಕೊಂಡು ಪೌಡರ್ ಹಾಕಿ ಚೆನ್ನಾಗಿ ಉಜ್ಜಿದೆ. ನಾಲ್ಕು ದಿನಕ್ಕೆ ಚರ್ಮ ಕಿತ್ತು ಬಂತು.

ಆಗ ಹೋದದ್ದು ಎರಡು ರಸ್ತೆ ಆಚೆ ಇರುವ ಸರ್ಕಾರಿ ಕ್ಲಿನಿಕ್‌ಗೆ. ಅಲ್ಲಿಯವರೆಗೆ ಅದರ ಮುಂದೆ ಓಡಾಡಿದ್ದೆ ಅಷ್ಟೇ, ಒಳಗೆ ಕಾಲಿಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಅಲ್ಲಿನ ಸಿಸ್ಟರ್ ಊಟದ ಹೊತ್ತಿನಲ್ಲಿ ಮನೆಗೇ ಬಂದರು. ಬಂದವರೇ ಒಂದು ಹಳೆಯ ಕಾಟನ್ ಸೀರೆ ಕೇಳಿದರು. ಅದನ್ನು ನಾಲ್ಕು ಮಡಿಕೆ ಮಾಡಿ ಅತ್ತೆಯ ಹೆಗಲಿಂದ ತೊಡೆಯವರೆಗೆ ಅಡಿಗೆ ಸೇರಿಸಿದರು. ಆಚೆ ಬದಿಯ ಮಂಡಿ ಮಡಚಿ ನಿಲ್ಲಿಸಿದರು. ಆಮೇಲೆ ಸೀರೆಯ ಆಚೆ ಅಂಚು ಹಿಡಿದು ನಿಧಾನಕ್ಕೆ ತಮ್ಮ ಕಡೆ ಎಳೆದರು. ಮೂರು ವಾರದಿಂದ ನನ್ನ ನಡ ಮುರಿದಿದ್ದ ಅತ್ತೆ ಸಲೀಸಾಗಿ ಮಗ್ಗುಲಾದರು! ಬೆನ್ನಿಗೊಂದು ದಿಂಬು, ಎರಡು ಮಂಡಿಗಳ ನಡುವೆ ಒಂದು. "ಪೂರ್ತಿ ಮಗ್ಗುಲು ಬೇಡ, ವಾಲಿಸಿದರೆ ಸಾಕು. ಇಲ್ಲದಿದ್ದರೆ ಭಾರವೆಲ್ಲ ಪಕ್ಕದ ಮೂಳೆ ಮೇಲೆ ಬಿದ್ದು ಅಲ್ಲೂ ಹುಣ್ಣಾಗುತ್ತೆ" ಅಂದರು. ಕೆಂಪಾದ ಜಾಗ ಉಜ್ಜಬಾರದು, ಪೌಡರ್ ಬೇಡ. ಮೂಗಿನ ಪೈಪಿನಲ್ಲಿ ಗಂಜಿ ಕೊಡುವಾಗ ತಲೆ ಎತ್ತರ ಇರಲಿ, ಕೊಟ್ಟು ಅರ್ಧ ಗಂಟೆ ಮಲಗಿಸಬೇಡಿ. ಉಚ್ಚೆಯ ಚೀಲ ಯಾವತ್ತೂ ಹಾಸಿಗೆಗಿಂತ ಕೆಳಗೇ ಇರಲಿ, ಮಗ್ಗುಲು ಬದಲಿಸುವಾಗ ಕೂಡ ಮೇಲೆ ಎತ್ತಬೇಡಿ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಆ ಇಪ್ಪತ್ತು ನಿಮಿಷ ಮೊದಲ ದಿನವೇ ಸಿಕ್ಕಿದ್ದರೆ ಆ ಹುಣ್ಣು ಆಗುತ್ತಲೇ ಇರಲಿಲ್ಲ. ನನ್ನ ವಾದದ ಬುಡ ಇದೇ.

ಈಗ ಬಾಣಂತನ ನೋಡಿ. ನಮ್ಮಲ್ಲಿ ಅದಕ್ಕೆ ಹೆಸರಿದೆ, ಲೆಕ್ಕವಿದೆ, ಇಷ್ಟು ತಿಂಗಳು ಅಂತ ಗಡುವಿದೆ. ತವರಿನವರು ಬರುತ್ತಾರೆ. ಸರ್ಕಾರವೂ ಬರುತ್ತದೆ. ಬಸುರಿ ಅಂತ ಗೊತ್ತಾದ ಕೂಡಲೇ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ತಾಯಿ ಕಾರ್ಡ್ ಮಾಡಿಸುತ್ತಾರೆ. ತೂಕ, ಬಿಪಿ, ಕಬ್ಬಿಣದ ಮಾತ್ರೆ, ಇಂಜೆಕ್ಷನ್, ಎಲ್ಲ ಅದರಲ್ಲಿ ದಾಖಲು. ಹೆರಿಗೆಯಾದ ಮೇಲೂ ಮನೆಗೆ ಬಂದು ಮಗುವಿಗೆ ಹಾಲು ಕುಡಿಸುವುದು ಹೇಗೆ ಅಂತ ನೋಡುತ್ತಾರೆ. ಇದೇನು ಆಕಾಶದಿಂದ ಇಳಿದದ್ದಲ್ಲ, ಇದೇ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ನಡೆಯುತ್ತಿದೆ. ಹಾಸಿಗೆ ಹಿಡಿದವರ ಸೇವೆಗೆ ಮಾತ್ರ ನಮ್ಮ ಭಾಷೆಯಲ್ಲೂ ಸರಿಯಾದ ಒಂದು ಹೆಸರಿಲ್ಲ, ಗಡುವೂ ಇಲ್ಲ, ಕಾರ್ಡೂ ಇಲ್ಲ.

ಹೊಸ ಕಟ್ಟಡ ಕಟ್ಟಿ ಅಂತ ಯಾರೂ ಕೇಳುತ್ತಿಲ್ಲ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಇರಬೇಕು ಅನ್ನುವುದು ಹಳೆಯ ನಿಯಮ. 2018ರಿಂದ ಈ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಬರತೊಡಗಿದರು. ಈಗ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳ ಪಟ್ಟಿಯಲ್ಲಿ ವಯಸ್ಸಾದವರ ಆರೈಕೆ, ನೋವು ಶಮನದ ಆರೈಕೆ, ಮಾನಸಿಕ ಆರೋಗ್ಯ ಮೂರೂ ಇವೆ. ಕಾಗದದ ಮೇಲೆ ಬಾಗಿಲು ತೆರೆದೇ ಇದೆ. ಆ ಬಾಗಿಲಿಂದ ರೋಗಿಯ ಜೊತೆ ಬಂದವಳನ್ನೂ ಒಳಗೆ ಕರೆಯಿರಿ ಅನ್ನುವುದಷ್ಟೇ ಬೇಡಿಕೆ.

ಪ್ರಾಥಮಿಕ ಕೇಂದ್ರದ ಡಾಕ್ಟರಿಗೆ ಇದೆಲ್ಲ ಬರುವುದಿಲ್ಲ ಅನ್ನುವವರು ಬಳ್ಳಾರಿಯನ್ನು ನೆನಪಿಸಿಕೊಳ್ಳಲಿ. ಮಾನಸಿಕ ಕಾಯಿಲೆ ಅಂದರೆ ಬೆಂಗಳೂರಿನ ನಿಮ್ಹಾನ್ಸ್, ಇಲ್ಲದಿದ್ದರೆ ಮಂತ್ರವಾದಿ ಅನ್ನುತ್ತಿದ್ದ ಕಾಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಕೇಂದ್ರಗಳ ಡಾಕ್ಟರರಿಗೆ, ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು, ಅಲ್ಲೇ ಗುರುತಿಸಿ ಅಲ್ಲೇ ಔಷಧಿ ಕೊಡುವ ಹಾಗೆ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಆವತ್ತು ಆಗಿದ್ದು ಇವತ್ತು ಯಾಕೆ ಆಗಬಾರದು?

ಮರೆವಿನ ಕಾಯಿಲೆಯಲ್ಲಂತೂ ಇದು ತುಂಬ ಬೇಕು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಬಂದ ಅಂದಾಜು ಹೇಳುತ್ತದೆ. ನಾವು ಅದಕ್ಕೆ 'ಅರವತ್ತಕ್ಕೆ ಅರಳು ಮರಳು' ಅಂದು ನಕ್ಕು ಬಿಡುತ್ತೇವೆ. ಅಷ್ಟರಲ್ಲಿ ಮನೆಯಲ್ಲಿ ಸಂಜೆಯಾಗುತ್ತಲೇ "ನನ್ನ ಮನೆಗೆ ಕಳಿಸಿ" ಅಂತ ಬಾಗಿಲು ಬಡಿಯುವ ಅಪ್ಪ, "ಸೊಸೆ ಊಟ ಹಾಕಿಲ್ಲ" ಅಂತ ಬೀದಿಗೆಲ್ಲ ಹೇಳುವ ಅಮ್ಮ. ಇದು ಹಟವಲ್ಲ ಕಾಯಿಲೆ, ಸಂಜೆ ಹೊತ್ತು ಜಾಸ್ತಿಯಾಗುವುದೂ ಕಾಯಿಲೆಯದೇ ಗುಣ, ವಾದ ಮಾಡದೆ ಮಾತು ಬದಲಿಸಿ ಅಂತ ಬಿಳಿ ಕೋಟಿನವರೊಬ್ಬರು ಹೇಳಿದರೆ ಎಷ್ಟೋ ಮನೆಯ ಜಗಳ ಅಲ್ಲಿಗೇ ನಿಲ್ಲುತ್ತದೆ. ಕರ್ನಾಟಕದಲ್ಲಿ ಮೆದುಳಿನ ಆರೋಗ್ಯ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ನಿಮ್ಹಾನ್ಸ್ ಜೊತೆ ಶುರುವಾಗಿತ್ತು. ಅದರ ಕೈಗೆ ಈ ಕೆಲಸವನ್ನೂ ಕೊಡಬಹುದು.

ಇನ್ನು ನೋಡಿಕೊಳ್ಳುವವಳ ಮೈ. ಅತ್ತೆಯ ಬಿಪಿಯನ್ನು ದಿನಾ ಎರಡು ಸಲ ನೋಡುತ್ತಿದ್ದೆ, ಅದೇ ಯಂತ್ರವನ್ನು ಒಂದು ದಿನವೂ ನನ್ನ ತೋಳಿಗೆ ಸುತ್ತಿಕೊಂಡಿರಲಿಲ್ಲ. ಆ ಸಿಸ್ಟರ್ ಹೊರಡುವಾಗ "ನಿಮ್ಮದೂ ಒಂದು ನೋಡಿಬಿಡೋಣ" ಅಂದರು. 160ಕ್ಕೆ 100. ಆಗ ನನಗೆ ನಲವತ್ತಮೂರು. 30 ದಾಟಿದ ಎಲ್ಲರಿಗೂ ಬಿಪಿ, ಶುಗರ್ ತಪಾಸಣೆ ಮಾಡುವುದು ಇದೇ ಕೇಂದ್ರಗಳ ಕೆಲಸ. ಆದರೆ ನಾನು ಕ್ಲಿನಿಕ್‌ಗೆ ಹೋದರೆ ತಾನೆ?

ಮೊಬೈಲ್ ಬೇಕಾಗುವುದು ಇಲ್ಲೇ. ಕಾಯುವ ಸಾಲಿಲ್ಲ, ಸೀರೆ ಬದಲಿಸಿ ಹೊರಡಬೇಕಿಲ್ಲ. ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರು ತಮ್ಮ ದುಃಖಕ್ಕೂ ಅಲ್ಲಿಗೆ ಮಾಡಬಹುದು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿದ ನೂರಾ ಹೆಲ್ತ್ ಅನ್ನುವ ಸಂಸ್ಥೆ ಆಸ್ಪತ್ರೆಯ ವಾರ್ಡಿನಲ್ಲೇ ಮನೆಯವರನ್ನು ಕೂರಿಸಿ ಆರೈಕೆ ಹೇಳಿಕೊಡುತ್ತದೆ, ಮನೆಗೆ ಹೋದ ಮೇಲೆ ವಾಟ್ಸಾಪ್‌ನಲ್ಲಿ ಸಲಹೆ ಮುಂದುವರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಡಿಮೆನ್ಷಿಯಾ ನೋಡಿಕೊಳ್ಳುವವರಿಗಾಗಿಯೇ ಐಸಪೋರ್ಟ್ ಅನ್ನುವ ಆನ್‌ಲೈನ್ ಪಾಠ ಮಾಡಿದೆ, 23 ಪಾಠ. ನಾನೇ ಮೂಗಿನ ಪೈಪಿನ ಒಂದು ವಿಡಿಯೋವನ್ನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಏಳೆಂಟು ಸಲ ನೋಡಿದ್ದೇನೆ. ಡಾಕ್ಟರ್ ಅಷ್ಟು ಸಲ ಹೇಳುತ್ತಾರಾ?

ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರ ಹತ್ತಿರ ನೋಡಿಕೊಳ್ಳುವವರದೇ ಒಂದು ಪಟ್ಟಿ ಇರುತ್ತದೆ. ನಾನು ಇಂಥವರನ್ನು ನೋಡಿಕೊಳ್ಳುತ್ತಿದ್ದೇನೆ ಅಂತ ಹೆಸರು ಬರೆಸಬಹುದು. ಅವರಿಗೆ ಏನು ಬೇಕು ಅಂತ ಸ್ಥಳೀಯ ಆಡಳಿತ ಕೇಳಿ ತಿಳಿಯಬೇಕು ಅಂತ 2014ರ ಕಾನೂನೇ ಇದೆ. ನಮಗೆ ಸದ್ಯ ಅಷ್ಟು ಬೇಡ. ಹೊರರೋಗಿ ಚೀಟಿಯಲ್ಲಿ ಒಂದು ಸಾಲು ಸೇರಿಸಿ ಸಾಕು: 'ಮನೆಯಲ್ಲಿ ಇವರನ್ನು ಯಾರು ನೋಡಿಕೊಳ್ಳುತ್ತಾರೆ?' ಆ ಸಾಲಿನ ಎದುರು ನನ್ನ ಹೆಸರು ಬಿದ್ದಿದ್ದರೆ, ನನ್ನ ತೋಳಿಗೂ ಬಿಪಿ ಪಟ್ಟಿ ಮೊದಲೇ ಸುತ್ತುತ್ತಿದ್ದರು.

ವಿರೋಧ: ರಾತ್ರಿ ಎರಡು ಗಂಟೆಗೆ ಬಾಗಿಲು ಹಾಕಿರುತ್ತದೆ

ಮೇಲಿನದೆಲ್ಲ ನಿಜ. ಆ ಸಿಸ್ಟರ್ ಬಂದದ್ದೂ ನಿಜ. ಆದರೆ ಅವರು ಬಂದದ್ದು ತಮ್ಮ ಊಟದ ಹೊತ್ತಿನಲ್ಲಿ, ಊಟ ಬಿಟ್ಟು. ಅದನ್ನು ಮರೆತು 'ಕ್ಲಿನಿಕ್ ಮಾಡಲಿ' ಅನ್ನುವುದು ಒಬ್ಬ ಒಳ್ಳೆಯ ಹೆಂಗಸಿನ ಒಳ್ಳೆಯತನವನ್ನು ಸರ್ಕಾರದ ಯೋಜನೆ ಅಂದುಕೊಂಡ ಹಾಗೆ.

ನಮ್ಮ ಕ್ಲಿನಿಕ್ ಅಂದರೆ ಯಾರು? ಒಬ್ಬ ಡಾಕ್ಟರ್, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಶಿಯನ್, ಒಬ್ಬ ಡಿ ಗ್ರೂಪ್ ನೌಕರ. ಮಳೆಗಾಲ ಬಂತು ಅಂದರೆ ಡೆಂಗಿ, ಬೇಸಿಗೆಯಲ್ಲಿ ವಾಂತಿ ಭೇದಿ, ವರ್ಷವಿಡೀ ಬಿಪಿ ಶುಗರ್ ಸಾಲು. ಎರಡು ನಿಮಿಷಕ್ಕೆ ಒಬ್ಬ ರೋಗಿ ನೋಡುವ ಡಾಕ್ಟರ್, ರೋಗಿಯ ಜೊತೆ ಬಂದವಳನ್ನು "ನಿಮಗೆ ನಿದ್ದೆ ಬರುತ್ತಾ?" ಅಂತ ಯಾವಾಗ ಕೇಳಬೇಕು? ಕೇಳಿದರೂ ಉತ್ತರ ಕೇಳಿಸಿಕೊಳ್ಳಲು ಕೂರಬೇಕಲ್ಲ. ನೋಡಿಕೊಳ್ಳುವವರ ಹೊರೆ ಅಳೆಯಲು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿ ಜ್ಯಾರಿಟ್ ಅನ್ನುವುದು. ಅದರಲ್ಲಿ 22 ಪ್ರಶ್ನೆ. ಕೇಳಿ ನೋಡಿ, ಹೊರಗಿನ ಬೆಂಚಿನಲ್ಲಿ ಕೂತವರು ಗಲಾಟೆ ಶುರು ಮಾಡುತ್ತಾರೆ.

ಕೆಲಸ ಕೊನೆಗೆ ಇಳಿಯುವುದು ಎಲ್ಲಿಗೆ ಅಂತ ನಮಗೆಲ್ಲ ಗೊತ್ತು. ಆಶಾ ಕಾರ್ಯಕರ್ತೆಯ ಹೆಗಲಿಗೆ. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ಕೇಳಿದ್ದು ತಿಂಗಳಿಗೆ ಖಚಿತವಾದ ಗೌರವಧನ. ಅವರಿಗೆ ಸಂಬಳ ಅನ್ನುವ ಪದವನ್ನೇ ಬಳಸುವುದಿಲ್ಲ, ನೋಡಿ. ರಾಜ್ಯ ಕೊಡುವ ಒಂದಿಷ್ಟು ಗೌರವಧನ ಬಿಟ್ಟರೆ, ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ, ಅದೂ ಪೋರ್ಟಲ್‌ನಲ್ಲಿ ದಾಖಲಾದರೆ. ಈಗ ಅವರ ಕೈಗೆ ಇನ್ನೊಂದು ರಿಜಿಸ್ಟರು, ಇನ್ನೊಂದು ಆ್ಯಪ್ ಕೊಟ್ಟು 'ನೋಡಿಕೊಳ್ಳುವವರನ್ನು ನೋಡಿಕೊಳ್ಳಿ' ಅನ್ನುವುದೇ? ಸಂಬಳವೇ ಇಲ್ಲದ ಹೆಂಗಸಿಗೆ, ಸರಿಯಾದ ಸಂಬಳವಿಲ್ಲದ ಹೆಂಗಸಿನ ಕೈಯಿಂದ ನೆರವು. ಇದರಲ್ಲಿ ಸರ್ಕಾರ ತನ್ನ ಕಿಸೆಯಿಂದ ಏನು ತೆಗೆಯಿತು?

ಇನ್ನು ಮೊಬೈಲ್. ಐಸಪೋರ್ಟ್ ಹೆಸರು ಮೇಲೆ ಬಂತಲ್ಲ, ಅದನ್ನು ನಿಮ್ಹಾನ್ಸ್ ತಂಡವೇ ನಮ್ಮ ದೇಶದಲ್ಲಿ ಪರೀಕ್ಷೆ ಮಾಡಿ ನೋಡಿತು. ಫಲಿತಾಂಶ 2021ರಲ್ಲಿ ಹೊರಬಂತು. ಸೇರಿದವರು 151 ಮಂದಿ, ಕೊನೆಯವರೆಗೆ ಉಳಿದವರು ಅರ್ಧಕ್ಕಿಂತ ಕಡಿಮೆ. ರೋಗಿಯನ್ನು ನೋಡುವ ಮನೋಭಾವ ಸ್ವಲ್ಪ ಸುಧಾರಿಸಿತು. ನೋಡಿಕೊಳ್ಳುವವರ ಹೊರೆ, ಖಿನ್ನತೆ ಮಾತ್ರ ಇಳಿದದ್ದು ಕಾಣಲಿಲ್ಲ. ಅವರೋ ಇಂಟರ್ನೆಟ್ ಇದ್ದವರು, ಓದಿದವರು. ಪಾಠ ಕೆಟ್ಟದಾಗಿತ್ತು ಅಂತ ನಾನು ಹೇಳುತ್ತಿಲ್ಲ. ಪಾಠ ಓದಲು ಕೂರುವುದಕ್ಕೂ ಯಾರಾದರೂ ಬಂದು ಅತ್ತೆಯ ಹತ್ತಿರ ಕೂರಬೇಕು, ಅಲ್ವಾ?

ಕರ್ನಾಟಕದಲ್ಲಿ ಇಂಟರ್ನೆಟ್ ಬಳಸಿಯೇ ಗೊತ್ತಿಲ್ಲದ ಹೆಂಗಸರೇ ಜಾಸ್ತಿ ಇದ್ದರು. 2019-20ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಬಳಸಿದ್ದೇನೆ ಅಂದ ಹೆಂಗಸರು ಶೇಕಡಾ 35, ಗಂಡಸರು ಶೇಕಡಾ 62. ಆಮೇಲೆ ಕೊರೋನಾ ಬಂದು ಲೆಕ್ಕ ಮೇಲೆ ಹೋಗಿರಬೇಕು. ಆದರೂ ಮೊಬೈಲ್ ಯಾರ ಕೈಯಲ್ಲಿ ಇರುತ್ತದೆ, ಮಲ ಮೂತ್ರದ ಬಟ್ಟೆ ಯಾರ ಕೈಯಲ್ಲಿ ಇರುತ್ತದೆ ಅನ್ನುವ ಲೆಕ್ಕ ಬೇರೆಯೇ ಇದೆ. 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಯವರ ಆರೈಕೆಗೆ, ಮಕ್ಕಳದೂ ಸೇರಿ, ಅದನ್ನು ಮಾಡುವ ಹೆಂಗಸರು ದಿನಕ್ಕೆ 134 ನಿಮಿಷ ಕೊಡುತ್ತಿದ್ದರು, ಗಂಡಸರು 76. ಇದರ ಮೇಲೆ ಅಡುಗೆ, ಬಟ್ಟೆ, ಪಾತ್ರೆಗೆ ಹೆಂಗಸರದು 299 ನಿಮಿಷ, ಗಂಡಸರದು 97.

ನನ್ನ ಫೋನಿನಲ್ಲೂ ಒಂದು ಆ್ಯಪ್ ಇತ್ತು. ಮೈದುನ ಹಾಕಿಕೊಟ್ಟಿದ್ದ. ಒಂದು ರಾತ್ರಿ ಎರಡು ಗಂಟೆ. ಅತ್ತೆಗೆ ಭೇದಿ. ಮೂರನೇ ಸಲ ಹಾಸಿಗೆ ಬಟ್ಟೆ ಬದಲಿಸುತ್ತಿದ್ದೆ, ಕೈಯಲ್ಲಿ ಗ್ಲೌಸು. ಕಿಟಕಿ ಕಟ್ಟೆಯ ಮೇಲೆ ಫೋನ್ ಮಿಣ್ಣಗೆ ಬೆಳಗಿತು. ಆ್ಯಪ್ ಹೇಳುತ್ತಿದೆ: 'ಇವತ್ತು ನಿಮಗಾಗಿ ಹತ್ತು ನಿಮಿಷ ಮೀಸಲಿಟ್ಟಿರಾ?' ನಗು ಬಂತೋ ಅಳು ಬಂತೋ ಈಗ ನೆನಪಿಲ್ಲ. ಬೆಳಗ್ಗೆ ಅದನ್ನು ತೆಗೆದು ಹಾಕಿದೆ. ಮೈದುನ ಕೇಳಿದ, "ಯಾಕೆ ಅತ್ತಿಗೆ, ಉಪಯೋಗ ಆಗ್ಲಿಲ್ವಾ?" ಅವನು ಆ್ಯಪ್ ಕಳಿಸಿದ್ದ, ತಾನು ಬಂದಿರಲಿಲ್ಲ.

ಪರ ವಾದ ಮಾಡುವವರು ಮುಟ್ಟದ ಜಾಗ ಇದೇ. ಕಲಿಸಿದರೆ ಒಳ್ಳೆಯದು ಅನ್ನುತ್ತೇವೆ. ಯಾರಿಗೆ ಕಲಿಸುತ್ತೇವೆ? ಸಿಸ್ಟರ್ ಬಂದು ಸೀರೆ ಹಿಡಿದು ತೋರಿಸಿದ ದಿನ ಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಕಲಿತವಳು ನಾನೊಬ್ಬಳು. ಅಲ್ಲಿಂದಾಚೆಗೆ "ಅವಳಿಗೆ ಗೊತ್ತು, ಅವಳೇ ಮಾಡಲಿ" ಅಂತಾಯಿತು. ಮೂಗಿನ ಪೈಪಿಗೆ ಗಂಜಿ ಹಾಕಲು ನಾದಿನಿಗೆ ಭಯ, ಗಂಡನಿಗೆ ಕೈ ನಡುಗುತ್ತದೆ. ನನಗೂ ಮೊದಲ ದಿನ ನಡುಗಿತ್ತು. ಆದರೆ ಕಲಿತ ಮೇಲೆ ನಡುಗುವ ಹಕ್ಕು ನನಗೆ ಉಳಿಯಲಿಲ್ಲ. ನಾನು ಒಂದು ಮದುವೆಗೆ ಅಂತ ಅರಸೀಕೆರೆಗೆ ಹೋಗಬೇಕಿತ್ತು, ಸ್ವಂತ ಚಿಕ್ಕಪ್ಪನ ಮಗಳದು. "ಪೈಪಿಗೆ ಯಾರು ಹಾಕ್ತಾರೆ?" ಅಂದರು. ಹೋಗಲಿಲ್ಲ. ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ, ಬಸ್ಸಿಗೆ ಹತ್ತುವುದು ಹೇಗೆ?

ಮನೆಯವರು ಮಾಡುವುದನ್ನೇ ಆಸ್ಪತ್ರೆಯೂ ಮಾಡುತ್ತದೆ. ಮನೆಯವರಿಗೆ ತರಬೇತಿ ಆಗಿದೆ ಅಂದ ಕೂಡಲೇ "ಇನ್ನು ಮನೆಗೆ ಕರಕೊಂಡು ಹೋಗಿ, ನೀವೇ ಚೆನ್ನಾಗಿ ನೋಡ್ತೀರ" ಅನ್ನುವುದು ಸುಲಭ. ಒಳ್ಳೆಯ ಮಾತಿನಲ್ಲಿ ಕೆಲಸ ದಾಟಿಸಿ ಆಯಿತು. ತರಬೇತಿ ಅನ್ನುವುದು ನೆರವಾ, ವರ್ಗಾವಣೆಯಾ ಅಂತ ಕೇಳುವವರು ಯಾರು?

ನನಗೆ ಆ ಎರಡೂವರೆ ವರ್ಷದಲ್ಲಿ ಬೇಕಿದ್ದದ್ದು ಒಂದೇ. ಯಾರಾದರೂ ಬಂದು ಕೂರಬೇಕಿತ್ತು. ಹಣ ಕೊಟ್ಟು ಇಟ್ಟುಕೊಳ್ಳೋಣ ಅಂತ ಏಜೆನ್ಸಿಗೆ ಫೋನ್ ಮಾಡಿದರೆ ಹನ್ನೆರಡು ಗಂಟೆ ಡ್ಯೂಟಿಗೆ ತಿಂಗಳಿಗೆ 24,000 ರೂಪಾಯಿ ಅಂದರು, ಊಟ ಬೇರೆ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಆ ಮಾತು ಅಲ್ಲಿಗೇ ನಿಂತಿತು.

ಸರ್ಕಾರ ಏನೂ ಕೊಡುವುದಿಲ್ಲ ಅಂತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಅನ್ನುವ ಮಾತಿದೆ. ನಮ್ಮ ರಾಜ್ಯ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಲಕ್ವಾ ಆ ಪಟ್ಟಿಯಲ್ಲಿ ಇರಲಿಲ್ಲ, ಡಿಮೆನ್ಷಿಯಾವೂ ಇರಲಿಲ್ಲ. ಕೇರಳದಲ್ಲಿ ಆಶ್ವಾಸಕಿರಣಂ ಅಂತ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ಯೋಜನೆ ಹಳೆಯದು. ದಿನಕ್ಕೆ 20 ರೂಪಾಯಿ. ಒಂದು ಜೊತೆ ದೊಡ್ಡವರ ಡಯಾಪರ್ ಬರುತ್ತದೋ ಇಲ್ಲವೋ.

ಕೇರಳದಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆ ಇದೆ. ಅಲ್ಲಿ ಮಲಪ್ಪುರಂ, ಕೋಯಿಕ್ಕೋಡ್ ಕಡೆ ನೋವು ಶಮನದ ಆರೈಕೆ ಬೆಳೆದದ್ದು ಊರಿನವರಿಂದ. ಅಂಗಡಿಯವರು, ಮೇಷ್ಟ್ರು, ಕಾಲೇಜು ಹುಡುಗರು ವಾರಕ್ಕೆ ಇಷ್ಟು ಹೊತ್ತು ಅಂತ ಕೊಟ್ಟು, ಮನೆ ಮನೆಗೆ ಹೋಗಿ ಕೂರುತ್ತಿದ್ದರು. ಕ್ಲಿನಿಕ್ ಅವರ ಬೆನ್ನಿಗೆ ಇತ್ತು. 2008ರಲ್ಲಿ ಸರ್ಕಾರ ಅದಕ್ಕೊಂದು ನೀತಿ ಮಾಡಿ ಪಂಚಾಯಿತಿಗಳನ್ನು ಜೊತೆಗೆ ಸೇರಿಸಿತು. ಅಂದರೆ ಮೊದಲು ಜನ, ಆಮೇಲೆ ಕಚೇರಿ. ನಾವು ಕಚೇರಿಯಿಂದ ಶುರು ಮಾಡಿ, ಆ್ಯಪ್‌ನಲ್ಲಿ ಮುಗಿಸುವ ಆಲೋಚನೆಯಲ್ಲಿದ್ದೇವೆ.

ತಾಯಿ ಕಾರ್ಡ್ ಇದೆ, ಇದಕ್ಕೆ ಯಾಕಿಲ್ಲ ಅಂತ ಮೇಲೆ ಕೇಳಿದ್ದೆ. ಅದೇ ಧಾಟಿಯಲ್ಲಿ ನನ್ನದೇ ಇನ್ನೊಂದು ಪ್ರಶ್ನೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುತ್ತೇವೆ ಅಂತ 2023ರಲ್ಲಿ ಸರ್ಕಾರ ಹೇಳಿತು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಕೂಲಿ ಕೊಟ್ಟು, ಮಗು ನೋಡಿಕೊಳ್ಳಲು ಕೂರಿಸುವ ಯೋಜನೆ. ಕೂಸಿಗೆ ಮನೆಯಾಗುವುದಾದರೆ ಅಜ್ಜಿಗೆ ಯಾಕಾಗಬಾರದು? ಹಗಲು ನಾಲ್ಕು ಗಂಟೆ ಸಾಕು. ಅಥವಾ ಕೂಲಿ ಪಡೆದ ಒಬ್ಬ ಹೆಂಗಸು ವಾರಕ್ಕೆ ಎರಡು ಮಧ್ಯಾಹ್ನ ಮನೆಗೆ ಬಂದು ಕೂತರೂ ಸಾಕು. ಇದು ಆರೋಗ್ಯ ಇಲಾಖೆಯ ಕೆಲಸವಲ್ಲ, ಪಂಚಾಯಿತಿಯ ಕೆಲಸ, ಸಮಾಜ ಕಲ್ಯಾಣದ ಕೆಲಸ. ಎಲ್ಲವನ್ನೂ ಆಸ್ಪತ್ರೆಗೆ ಅಂಟಿಸಿದರೆ ನನ್ನ ದಣಿವಿಗೂ ಒಂದು ಮಾತ್ರೆ ಬರೆದುಕೊಟ್ಟು ಕಳಿಸುತ್ತಾರೆ. ಕಳಿಸಿದ್ದೂ ಉಂಟು. ನಿದ್ದೆ ಮಾತ್ರೆ! ರಾತ್ರಿ ಎರಡು ಗಂಟೆಗೊಮ್ಮೆ ಏಳಬೇಕಾದವಳಿಗೆ.

ಒಂದೇ ಒಂದು ಸಲ ಪಕ್ಕದ ಮನೆಯವರು ಬಂದು ಕೂತರು. ರಿಟೈರ್ ಆದ ಟೀಚರ್. ಭಾನುವಾರ, ಊಟ ಆದ ಮೇಲೆ. "ಸಂಜೆವರೆಗೆ ನಾನಿರ್ತೀನಿ, ನೀನು ಎಲ್ಲಿಗಾದರೂ ಹೋಗಿ ಬಾ" ಅಂದರು. ಎಲ್ಲಿಗೆ ಹೋಗಲಿ? ಸೀತೆಯ ಹಾಗೆ ಗೆರೆಯೊಳಗೆ ಇದ್ದು ಇದ್ದು ಊರೇ ಮರೆತಿತ್ತು. ಅವರಿಗೆ ಸೀರೆ ಹಿಡಿದು ಮಗ್ಗುಲು ಬದಲಿಸುವುದನ್ನು ಒಂದು ಸಲ ತೋರಿಸಿದೆ. ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎದ್ದಾಗ ಕತ್ತಲಾಗಿತ್ತು. ಕರೆಂಟ್ ಹೋಗಿ, ಹುಣ್ಣಾಗದಿರಲಿ ಅಂತ ಅತ್ತೆಗೆ ಹಾಸಿದ್ದ ಗಾಳಿ ತುಂಬುವ ಏರ್ ಬೆಡ್‌ನ ಮೋಟರ್ ಸದ್ದು ನಿಂತಿತ್ತು. ಗಾಬರಿಯಾಗಿ ಓಡಿ ಬಂದೆ. ಟೀಚರ್ ಮೇಣದಬತ್ತಿ ಹಚ್ಚಿಟ್ಟು, ಕ್ಯಾಲೆಂಡರ್ ರಟ್ಟಿನಿಂದ ಗಾಳಿ ಬೀಸುತ್ತಾ ಕೂತಿದ್ದರು. ಅತ್ತೆ ಗೋಡೆ ಕಡೆ ವಾಲಿ ಮಲಗಿದ್ದರು. ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು.